‘ಬೇನೆ’ ಅಂದರೆ ಅಲ್ಲಿ ನೋವಲ್ಲ: ಇಟಲಿಯ ಆಫೀಸಿನಲ್ಲಿ ಉಡುಪನ್ನು ಮೆಚ್ಚುವ ಮಾತು

ಪ್ರಶ್ನೆ: ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಊರು ಬಾಗಲಕೋಟೆ ಕಡೆ. ಹೊಸ ಪ್ಯಾಕಿಂಗ್ ಯಂತ್ರವನ್ನು ಪರೀಕ್ಷೆ ಮಾಡಿ ಒಪ್ಪಿಕೊಂಡು ಬರಲು ಎರಡು ವಾರ ಇಟಲಿಯ ಬೊಲೊನ್ಯಾಕ್ಕೆ ಹೋಗುತ್ತಿದ್ದೇನೆ. ಅಲ್ಲಿಯವರು ಬಟ್ಟೆಬರೆಯನ್ನು ಬಹಳ ಗಮನಿಸುತ್ತಾರೆ, ಅದರ ಬಗ್ಗೆ ಅವರ ಭಾಷೆಯಲ್ಲೇ ಒಂದು ಒಳ್ಳೆಯ ಮಾತು ಆಡಿದರೆ ಮುಖ ಅರಳುತ್ತದೆ ಎಂದು ಹಿಂದೆ ಹೋಗಿಬಂದವರು ಹೇಳಿದರು. ಫೋನಿನ ಆ್ಯಪ್‌ನಲ್ಲಿ ಹುಡುಕಿದರೆ ‘ಸೇಯ್ ಬೆಲ್ಲಿಸ್ಸಿಮ’ ಅಂತ ಬರುತ್ತದೆ. ಆಫೀಸಿನಲ್ಲಿ ಇದನ್ನು ಹೇಳಬಹುದೇ? ‘ಯು ಲುಕ್ ಪ್ರೊಫೆಷನಲ್’ ಅನ್ನುವುದಕ್ಕೆ ಅಲ್ಲಿ ಏನನ್ನುತ್ತಾರೆ? ಒಂದು ದಿನ ಸೀರೆ ಉಡಬೇಕೆಂದಿದ್ದೇನೆ, ಅವರು ಹೊಗಳಿದರೆ ಏನು ಹೇಳಲಿ? ನನಗೆ ಕನ್ನಡ, ಇಂಗ್ಲಿಷ್ ಬಿಟ್ಟರೆ ಬೇರೆ ಭಾಷೆ ಬರುವುದಿಲ್ಲ.

ಉತ್ತರ: ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಕನ್ನಡ ಬರುತ್ತದಲ್ಲ, ಈ ಕೆಲಸಕ್ಕೆ ಅದೇ ದೊಡ್ಡ ಬಂಡವಾಳ. ಹದಿನೈದು ವರ್ಷದಿಂದ ಕನ್ನಡಿಗರಿಗೆ ಇಟಾಲಿಯನ್ ಕಲಿಸುತ್ತಿದ್ದೇನೆ. ಎಡವುವವರೆಲ್ಲ ಎಡವುವುದು ಒಂದೇ ಜಾಗದಲ್ಲಿ: ಕನ್ನಡದಲ್ಲಿ ಯೋಚಿಸಿದ್ದನ್ನು ಇಂಗ್ಲಿಷಿಗೆ ಒಯ್ದು, ಅಲ್ಲಿಂದ ಇಟಾಲಿಯನ್‌ಗೆ ಇಳಿಸುವಾಗ. ಮೆಚ್ಚುಗೆಯ ಮಾತಿನಲ್ಲಂತೂ ಈ ಸುತ್ತುದಾರಿ ಪೂರಾ ನಷ್ಟ. ಕನ್ನಡದಿಂದ ಇಟಾಲಿಯನ್‌ಗೆ ನೇರ ದಾರಿಯೇ ಇದೆ.

ಸೀರೆ ಅಂಗಡಿಯಲ್ಲಿ ಜೊತೆಗೆ ಬಂದವರು ಏನನ್ನುತ್ತಾರೆ ನೆನಪಿಸಿಕೊಳ್ಳಿ. ‘ಈ ಬಣ್ಣ ನಿಮಗೆ ಒಪ್ಪುತ್ತೆ ರೀ.’ ಇಲ್ಲಿ ಕರ್ತೃ ಯಾರು? ಬಣ್ಣ. ನೀವಲ್ಲ. ನೀವು ‘ನಿಮಗೆ’ ಆಗಿ, ನಾಲ್ಕನೇ ವಿಭಕ್ತಿಯಲ್ಲಿ ಗೌರವವಾಗಿ ಒಂದು ಪಕ್ಕಕ್ಕೆ ನಿಂತಿದ್ದೀರಿ. ಇಟಾಲಿಯನ್ನರು ಹೇಳುವುದೂ ಅಕ್ಷರಶಃ ಹೀಗೇ: ‘ಕ್ವೆಸ್ತ ಜಾಕ್ಕ ಲೆ ಸ್ತಾ ಮೊಲ್ತೊ ಬೇನೆ’. ಕ್ವೆಸ್ತ ಅಂದರೆ ಈ, ಜಾಕ್ಕ ಅಂದರೆ ಜಾಕೆಟ್, ಲೆ ಅಂದರೆ ನಿಮಗೆ, ಮೊಲ್ತೊ ಅಂದರೆ ಬಹಳ, ‘ಸ್ತಾ ಬೇನೆ’ ಎರಡೂ ಸೇರಿ ‘ಒಪ್ಪುತ್ತೆ’. ಈ ಜಾಕೆಟ್ ನಿಮಗೆ ಬಹಳ ಒಪ್ಪುತ್ತೆ. ‘ಚೆನ್ನಾಗಿ’ ಎಂಬ ಅರ್ಥದ ‘ಬೇನೆ’ ನಮ್ಮ ಕಿವಿಗೆ ಹೊಟ್ಟೆಬೇನೆಯ ಬೇನೆಯ ಹಾಗೆ ಕೇಳುತ್ತದೆ, ಆದ್ದರಿಂದಲೇ ಒಮ್ಮೆ ಕೇಳಿದರೆ ಮರೆಯುವುದಿಲ್ಲ.

ಎರಡು ವಾರಕ್ಕೆ ಈ ಒಂದು ವಾಕ್ಯ ಸಾಕು ಅಂದರೂ ಸುಳ್ಳಾಗದು. ಜಾಕ್ಕ ಇದ್ದ ಜಾಗದಲ್ಲಿ ಬೇರೆ ಹೆಸರು ಇಡುತ್ತ ಹೋದರಾಯಿತು. ಕಮೀಚ ಅಂದರೆ ಶರ್ಟು (ನಮ್ಮ ಹಳಬರ ‘ಕಮೀಸು’ ಕೂಡ ಅದೇ ಲ್ಯಾಟಿನ್ ಬೇರಿನಿಂದ ಹೊರಟು ಅರಬ್ಬಿ ದಾರಿಯಾಗಿ ನಮ್ಮಲ್ಲಿಗೆ ಬಂದದ್ದು), ಕ್ರವಾತ್ತ ಅಂದರೆ ಟೈ. ಸೂಟಿಗೆ ಕೊಂಪ್ಲೇತೊ, ಅದು ಪುಲ್ಲಿಂಗವಾದ್ದರಿಂದ ಮುಂದೆ ‘ಕ್ವೆಸ್ತೊ’ ಬರುತ್ತದೆ. ಬೂಟಿಗೆ ಸ್ಕಾರ್ಪೆ, ಕನ್ನಡಕಕ್ಕೆ ಒಕ್ಯಾಲಿ. ಇವೆರಡೂ ಬಹುವಚನ, ಹಾಗಾಗಿ ಅಲ್ಲಿ ‘ಸ್ತಾ’ ಹೋಗಿ ‘ಸ್ತಾನ್ನೊ’ ಬರಬೇಕು: ‘ಕ್ವೆಸ್ತಿ ಒಕ್ಯಾಲಿ ಲೆ ಸ್ತಾನ್ನೊ ಬೇನೆ’. ತಪ್ಪಿ ‘ಸ್ತಾ’ ಅಂದರೂ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಆದರೆ ವಸ್ತುವಿನ ಹೆಸರನ್ನು ಮಾತ್ರ ಯಾವತ್ತೂ ಬಿಡಬೇಡಿ. ಸಹೋದ್ಯೋಗಿ ಹೊಸ ಜಾಕೆಟ್ ತೊಟ್ಟು ಬಂದಾಗ ಬರಿಯ ‘ತಿ ಸ್ತಾ ಬೇನೆ’ ಅಂದರೆ, ಮುಂದೆ ಹಿಂದೆ ಏನೂ ಇಲ್ಲದಿದ್ದರೆ, ‘ನಿನಗೆ ಹಾಗೇ ಆಗಬೇಕು’ ಅನ್ನುವ ಅರ್ಥ ಬಂದೀತು. ಪದ ಹಿಂದೆಮುಂದೆ ಮಾಡಿ ‘ಬೆನ್ ತಿ ಸ್ತಾ’ ಅಂದರಂತೂ ಅದೊಂದೇ ಅರ್ಥ. ಬೈಕನ್ನು ಅಡ್ಡಾದಿಡ್ಡಿ ಓಡಿಸಿ ಬಿದ್ದವನಿಗೆ ಹೇಳುವ ಮಾತು ಅದು. ಜಾಕೆಟ್ಟಿನ ಹೆಸರು ಸೇರಿತೋ, ಅದೇ ಮಾತು ಹೂವಾಗುತ್ತದೆ.

ಈಗ ನಿಮ್ಮ ಆ್ಯಪ್ ಕೊಟ್ಟ ‘ಸೇಯ್ ಬೆಲ್ಲಿಸ್ಸಿಮ’. ದಯವಿಟ್ಟು ಬೇಡ. ‘ನೀನು ಬಹಳ ಸುಂದರಿ’ ಎಂದು ಅದರ ಅರ್ಥ. ಮೊದಲನೆಯದಾಗಿ ಅದು ಏಕವಚನ. ಪರಿಚಯವಾಗಿ ಅರ್ಧ ಗಂಟೆಯೂ ಆಗದ ಮ್ಯಾನೇಜರ್‌ಗೆ ‘ನೀನು’ ಅಂದ ಹಾಗೆ. ಎರಡನೆಯದು ಇನ್ನೂ ಮುಖ್ಯ. ಅದು ಬಟ್ಟೆಯನ್ನು ಬಿಟ್ಟು ಮೈಮುಖಕ್ಕೆ ಹೋಗುತ್ತದೆ. ಗೆಳತಿಯ ಮದುವೆಯಲ್ಲಿ ಇದೇ ಮಾತು ಬಲು ಚೆಂದ. ಯಂತ್ರದ ಪಕ್ಕ ನಿಂತು ಲೆಕ್ಕ ಒಪ್ಪಿಸುತ್ತಿರುವ ಹೆಣ್ಣುಮಗಳಿಗೆ, ಅದೂ ಗಂಡಸರು ಹೇಳಿದರೆ, ಮುಜುಗರವಾಗುತ್ತದೆ. ಇಟಾಲಿಯನ್ನರು ಹೊಗಳಿಕೆಯಲ್ಲಿ ಧಾರಾಳಿಗಳು ಎಂಬ ಮಾತನ್ನು ನಂಬಿ ನಮ್ಮವರು ಕೆಲವರು ಅಲ್ಲಿ ನಾಲಿಗೆ ಸಡಿಲ ಬಿಡುತ್ತಾರೆ. ಆ ಧಾರಾಳಕ್ಕೂ ಒಂದು ಗೆರೆ ಇದೆ: ಆಯ್ದು ತೊಟ್ಟಿದ್ದನ್ನು ಹೊಗಳು, ಹುಟ್ಟಿನಿಂದ ಬಂದದ್ದನ್ನು ಬಿಡು. ‘ತೆಳ್ಳಗಾಗಿದ್ದೀರಿ’ ಅನ್ನುವ ಮಾತು ಅಲ್ಲಿಯೂ ಪರಿಚಿತರ ನಡುವೆ ಓಡಾಡುತ್ತದೆ, ನೀವು ಆಡಬೇಡಿ.

‘ಬೆಲ್ಲ’ ಎಂಬ ಪದವನ್ನೇ ಬಿಡಬೇಕಿಲ್ಲ. ವಸ್ತುವಿಗೆ ಹಚ್ಚಿದರೆ ಅದು ನಮ್ಮ ಬೆಲ್ಲದಷ್ಟೇ ಸಿಹಿ, ಉಚ್ಚಾರವೂ ಹತ್ತಿರಹತ್ತಿರ ಅದೇ. ‘ಬೆಲ್ಲ ಜಾಕ್ಕ!’ ಚೆಂದದ ಜಾಕೆಟ್ ಎಂದು ಅರ್ಥ, ಇಡೀ ವಾಕ್ಯ ಅಷ್ಟೇ. ಕಾಫಿ ಯಂತ್ರದ ಮುಂದೆ ನಿಂತಿರುವಾಗ ಹೇಳುವ ಮಾತು ಇದು. ಮುಂದಿನ ನಾಮಪದಕ್ಕೆ ತಕ್ಕಂತೆ ಅದರ ರೂಪ ಬದಲಾಗುತ್ತದೆ: ‘ಬೆಲ್ ವೆಸ್ತೀತೊ’ (ಒಳ್ಳೆಯ ಉಡುಪು), ‘ಬೆಲ್ಲೆ ಸ್ಕಾರ್ಪೆ’ (ಒಳ್ಳೆಯ ಬೂಟು), ‘ಬೆಲ್ಯಿ ಒಕ್ಯಾಲಿ’ (ಒಳ್ಳೆಯ ಕನ್ನಡಕ). ಇದರ ಪೂರ್ತಿ ವ್ಯಾಕರಣಕ್ಕೆ ಹೋಗಬೇಡಿ. ಎರಡು ವಾರಕ್ಕೆ ಈ ನಾಲ್ಕನ್ನು ಬಾಯಿಪಾಠ ಮಾಡಿಕೊಂಡರೆ ಆಯಿತು.

ಉಚ್ಚಾರದ ವಿಷಯಕ್ಕೆ ಬಂದೆ, ಇಲ್ಲಿ ಸ್ವಲ್ಪ ನಿಲ್ಲಬೇಕು. ಇಟಾಲಿಯನ್ನಿನ ತ ಮತ್ತು ದ ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವವು, ನಮ್ಮ ತಂದೆ, ದಾರಿ ಪದಗಳಲ್ಲಿ ಇದ್ದಂತೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡವರು ‘ಸ್ಟಾ’ ಎಂದು ಓದುತ್ತಾರೆ. ನೀವು ಕನ್ನಡದಲ್ಲಿ ಬರೆದುಕೊಳ್ಳಿ, ‘ಸ್ತಾ’ ಎಂದೇ ಬರುತ್ತದೆ. ಪದಗಳು ನಮ್ಮಲ್ಲಿಯ ಹಾಗೆ ಬಹುಪಾಲು ಸ್ವರದಲ್ಲೇ ಮುಗಿಯುತ್ತವೆ. ಒತ್ತಕ್ಷರವಂತೂ ನಮ್ಮ ಮನೆಯದೇ. ಕತೆಗೂ ಕತ್ತೆಗೂ ಇರುವ ವ್ಯತ್ಯಾಸ ಕನ್ನಡದ ಮಗುವಿಗೂ ಗೊತ್ತು, ಅದನ್ನು ಹಿಡಿಯಲು ಇಂಗ್ಲಿಷರು ತಿಣುಕಾಡುತ್ತಾರೆ. ‘ಕಪೆಲ್ಲಿ’ ಅಂದರೆ ತಲೆಗೂದಲು, ‘ಕಪ್ಪೆಲ್ಲಿ’ ಅಂದರೆ ಟೋಪಿಗಳು. ಕ್ಷೌರ ಮಾಡಿಸಿಕೊಂಡು ಬಂದವರಿಗೆ ಒಂದು ಒತ್ತು ಹೆಚ್ಚಾಗಿ ಹಾಕಿದರೆ ಇಲ್ಲದ ಟೋಪಿಯನ್ನು ಹೊಗಳಿದಂತಾಗುತ್ತದೆ. ಇನ್ನು ಒಂದನೇ ತರಗತಿಯಲ್ಲಿ ತಿದ್ದಿ ಆಮೇಲೆ ಹೆಚ್ಚು ಬಳಸದೆ ಬಿಟ್ಟ ‘ಞ’ ನೆನಪಿದೆಯೇ? ಅದಕ್ಕೆ ಇಟಲಿಯಲ್ಲಿ ಕೈತುಂಬ ಕೆಲಸ. ನೀವೇ ಅಲ್ಲಿ ‘ಇಂಜೆಞ್ಞೇರೆ’, ಅಂದರೆ ಎಂಜಿನಿಯರ್.

ಆ ಪದ ನಿಮಗೆ ಬೇಕಾಗುತ್ತದೆ. ಇಟಲಿಯ ಕಚೇರಿಗಳಲ್ಲಿ ಗೌರವ ತೋರಿಸುವಾಗ ಓದಿನ, ವೃತ್ತಿಯ ಹೆಸರು ಹಿಡಿದು ಕರೆಯುವ ರೂಢಿ ಇದೆ. ಎಂಜಿನಿಯರ್ ಆದರೆ ‘ಇಂಜೆಞ್ಞೇರೆ’, ವಕೀಲರಿಗೆ ‘ಅವ್ವೊಕಾತೊ’, ಪದವಿ ಮುಗಿಸಿದ ಬೇರೆಯವರಿಗೆ ಗಂಡಸಾದರೆ ‘ದೊತ್ತೋರೆ’, ಹೆಂಗಸಾದರೆ ‘ದೊತ್ತೊರೆಸ್ಸ’. ಡಾಕ್ಟರೇ ಆಗಿರಬೇಕೆಂದೇನೂ ಇಲ್ಲ. ನಾವು ‘ಮೇಷ್ಟ್ರೇ’, ‘ಲಾಯರ್ ಸಾಹೇಬ್ರೇ’ ಅನ್ನುವುದಿಲ್ಲವೇ, ಹಾಗೆ. ‘ಬ್ವೊನ್‌ಜೊರ್ನೊ ದೊತ್ತೊರೆಸ್ಸ, ಕೆ ಎಲೆಗಾಂತ್ಸ!’ ಅಂದರೆ ‘ನಮಸ್ಕಾರ ಮೇಡಂ, ಎಂಥ ಸೊಗಸು!’ ಎಂದಂತೆ.

‘ನೀವು’ ಎಂಬುದರ ಕತೆ ಸ್ವಲ್ಪ ವಿಚಿತ್ರವಾಗಿದೆ. ಅಲ್ಲಿ ನೀನು ಅನ್ನುವುದಕ್ಕೆ ‘ತು’, ಗೌರವದ ನೀವು ಅನ್ನುವುದಕ್ಕೆ ‘ಲೇಯ್’. ಈ ಲೇಯ್‌ನ ಮೂಲ ಅರ್ಥ ‘ಅವಳು’. ಎದುರಿಗೆ ಕೂತವರು ಗಂಡಸೇ ಆಗಲಿ, ಗೌರವಿಸುವಾಗ ಮೂರನೆಯವರ ಬಗ್ಗೆ ಮಾತಾಡಿದ ಹಾಗೆ ಮಾತಾಡಬೇಕು. ನಮಗೆ ಇದು ಅಷ್ಟೇನೂ ಹೊಸದಲ್ಲ. ‘ತಾನು, ತಾವು’ ಎಂದು ಮೂರನೆಯವರ ಬಗ್ಗೆ ಆಡುವ ‘ತಾವು’ ನಮ್ಮಲ್ಲಿ ‘ತಾವು ಯಾವಾಗ ಬಂದಿರಿ?’ ಎಂದು ಎದುರಿನವರ ಗೌರವಕ್ಕೂ ಬಂದು ನಿಂತಿದೆ. ಮುಸೊಲಿನಿಯ ಸರ್ಕಾರ 1938ರಲ್ಲಿ ಈ ಲೇಯ್ ಅನ್ನು ತೆಗೆದುಹಾಕಿ ಅದರ ಜಾಗದಲ್ಲಿ ‘ವೋಯ್’ ತರಲು ಹೊರಟಿತ್ತು. ಆಡಳಿತ ಹೋಯಿತು, ಲೇಯ್ ಉಳಿಯಿತು. ನೇಪಲ್ಸ್ ಕಡೆ, ದಕ್ಷಿಣದ ಊರುಗಳಲ್ಲಿ ಹಿರಿಯರಿಗೆ ವೋಯ್ ಅನ್ನುವುದು ಇವತ್ತಿಗೂ ಕೇಳಿಬರುತ್ತದೆ, ಅದು ಅಲ್ಲಿಯ ಹಳೆಯ ರೂಢಿ. ನೀವು ಹೋಗುವ ಬೊಲೊನ್ಯಾದಲ್ಲಿ ಲೇಯ್ ಇಟ್ಟುಕೊಳ್ಳಿ. ಕಾರ್ಖಾನೆಯವರು ಬೇಗ ಸಲಿಗೆಗೆ ಬರುತ್ತಾರೆ. ಅವರಲ್ಲೊಬ್ಬ ಹಿರಿಯರು ‘ದಿಯಾಮೊಚಿ ದೆಲ್ ತು’ ಅಂದರೆ ‘ನೀನು ಅಂತಲೇ ಮಾತಾಡೋಣ’ ಎಂದು ಕರೆದಂತೆ. ಆಮೇಲೆ ‘ಲೆ’ ಇದ್ದಲ್ಲೆಲ್ಲ ‘ತಿ’ ಹಾಕಿ. ಆ ಮಾತು ಅವರಿಂದ ಬರುವವರೆಗೆ ಕಾಯುವುದು ಒಳ್ಳೆಯದು.

‘ಯು ಲುಕ್ ಪ್ರೊಫೆಷನಲ್’ ಎಂಬುದನ್ನು ಹಾಗೇ ಇಳಿಸಿದರೆ ‘ಲೇಯ್ ಆ ಉನ್ ಆಸ್ಪೆತ್ತೊ ಪ್ರೊಫೆಸ್ಸಿಯೊನಾಲೆ’ ಎಂದಾಗುತ್ತದೆ. ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಸಂದರ್ಶನ ಮಾಡಿದವರು ಅಂಕಪಟ್ಟಿಯಲ್ಲಿ ಬರೆದ ಟಿಪ್ಪಣಿಯಂತೆ ಕೇಳುತ್ತದೆ, ಮೆಚ್ಚುಗೆ ಅನ್ನಿಸುವುದಿಲ್ಲ. ಕೆಲಸದ ಜಾಗಕ್ಕೆ ತಕ್ಕ ಉಡುಪನ್ನು ಹೊಗಳಲು ಅವರಲ್ಲಿ ಬೇರೆ ಪದಗಳಿವೆ, ಒಂದೊಂದಕ್ಕೂ ಬೇರೆ ಬೇರೆ ತೂಕ. ‘ಎಲೆಗಾಂತೆ’ ಎಲ್ಲೆಡೆ ಸಲ್ಲುತ್ತದೆ, ಗಂಡುಹೆಣ್ಣೆಂಬ ಭೇದವೂ ಇಲ್ಲ. ‘ಇಂಪೆಕ್ಕಾಬಿಲೆ’ ಅಂದರೆ ಬೊಟ್ಟು ಮಾಡಿ ತೋರಿಸಲು ಒಂದು ದೋಷವೂ ಇಲ್ಲ ಎಂದು. ಅದರೊಳಗೆ ಪಾಪ ಎಂಬ ಅರ್ಥದ ಲ್ಯಾಟಿನ್ ಧಾತು ಕೂತಿದೆ, ಅಂದರೆ ನಿಷ್ಪಾಪಿ ಉಡುಪು. ‘ಕುರಾತೊ’, ಹೆಂಗಸಿಗೆ ‘ಕುರಾತ’, ಎಂಬ ಪದವನ್ನು ನಾನು ತುಂಬ ಮೆಚ್ಚುತ್ತೇನೆ. ಮುತುವರ್ಜಿಯಿಂದ ಇಟ್ಟುಕೊಂಡದ್ದು ಎಂದು ಅರ್ಥ. ಇಸ್ತ್ರಿ ಮಾಡಿದ ಅಂಗಿ, ಪಾಲಿಶ್ ಕಂಡ ಬೂಟು, ಕತ್ತರಿಸಿದ ಉಗುರು ಎಲ್ಲ ಅದರಲ್ಲಿ ಬರುತ್ತದೆ. ನಮ್ಮ ‘ಅಚ್ಚುಕಟ್ಟು’ ಇದರ ಖಾಸಾ ತಮ್ಮ. ‘ಲೇಯ್ ಆ ಮೊಲ್ತೊ ಗುಸ್ತೊ’ ಅಂದರೆ ‘ನಿಮಗೆ ಒಳ್ಳೆಯ ಅಭಿರುಚಿ ಇದೆ’ ಎಂದು. ಗುಸ್ತೊ ಅಂದರೆ ನಾಲಿಗೆಯ ರುಚಿ. ಅವರೂ ನಮ್ಮ ಹಾಗೆ ಬಾಯಿಯ ರುಚಿಯನ್ನೇ ಕಣ್ಣಿಗೂ ಕೊಟ್ಟಿದ್ದಾರೆ, ಅಭಿರುಚಿಯಲ್ಲಿ ರುಚಿ ಇರುವ ಹಾಗೆ.

‘ಇವತ್ತು’ ಎಂಬ ಪದದ ಬಗ್ಗೆ ಮಾತ್ರ ಎಚ್ಚರವಿರಲಿ. ಮೋದೆನಾದ ಒಂದು ಕಚೇರಿಯಲ್ಲಿ ನಾನು ಕೆಲಸಕ್ಕೆ ಸೇರಿದ ಹೊಸತು. ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರು ಕಡುನೀಲಿ ಕೋಟು ತೊಟ್ಟು ಬಂದಿದ್ದರು, ಕಾಲರಿನ ಹತ್ತಿರ ಹವಳದ ಚಿಕ್ಕ ಪಿನ್ನು. ಮನಸಾರೆ ಮೆಚ್ಚಿ ‘ಒಜ್ಜಿ ಲೇಯ್ ಎ ಮೊಲ್ತೊ ಎಲೆಗಾಂತೆ’ (ಇವತ್ತು ನೀವು ಬಹಳ ಸೊಗಸಾಗಿದ್ದೀರಿ) ಅಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ‘ಸೋಲೊ ಒಜ್ಜಿ?’ ಎಂದರು. ‘ಇವತ್ತು ಮಾತ್ರವೋ?’ ದನಿಯಲ್ಲಿ ಕೋಪವಿರಲಿಲ್ಲ, ಆದರೆ ಪಾಠವಿತ್ತು. ಅವತ್ತೇ ಅವರಿಂದ ಕಲಿತದ್ದು ‘ಸೆಂಪ್ರೆ’ ಎಂಬ ಪದ, ಅಂದರೆ ಯಾವಾಗಲೂ. ‘ಸೆಂಪ್ರೆ ಎಲೆಗಾಂತೆ!’ ಅನ್ನಿ, ‘ಸಿ ವೆಸ್ತೆ ಸೆಂಪ್ರೆ ಬೇನೆ’ (ನೀವು ಯಾವಾಗಲೂ ಚೆನ್ನಾಗಿ ಉಡುತ್ತೀರಿ) ಅನ್ನಿ. ನಿನ್ನೆ ಮೊನ್ನೆಯದೂ ಸೇರಿ ಲೆಕ್ಕಕ್ಕೆ ಬರುತ್ತದೆ. ಮೊದಲ ದಿನ ಮಾತ್ರ ಇದನ್ನು ಹೇಳುವಂತಿಲ್ಲ, ನೀವು ನೋಡಿರುವುದೇ ಒಂದು ದಿನ. ಆ ದಿನಕ್ಕೆ ‘ಬೆಲ್ಲ ಜಾಕ್ಕ’ ಇದೆಯಲ್ಲ.

ಒಂದು ಉಡುಪಿಗೆ ಅವರು ಇಷ್ಟು ಬೆಲೆ ಕೊಡುವುದೇಕೆ ಎಂದು ನಿಮಗೆ ಅನ್ನಿಸಬಹುದು. ‘ಫಾರೆ ಬೆಲ್ಲ ಫಿಗೂರ’ ಎಂಬ ಮಾತೊಂದಿದೆ. ನಾಲ್ಕು ಜನರ ಮುಂದೆ ಚೆನ್ನಾಗಿ ಕಾಣುವುದು, ನಾಲ್ಕು ಜನ ಮೆಚ್ಚುವಂತೆ ನಡೆದುಕೊಳ್ಳುವುದು ಎರಡೂ ಅದರಲ್ಲಿ ಸೇರಿವೆ. ಮನೆಗೆ ಊಟಕ್ಕೆ ಕರೆದರೆ ಬರಿಗೈಯಲ್ಲಿ ಹೋಗದಿರುವುದೂ ಬೆಲ್ಲ ಫಿಗೂರವೇ, ಸಭೆಗೆ ಸುಕ್ಕಿಲ್ಲದ ಅಂಗಿಯಲ್ಲಿ ಹೋಗುವುದೂ ಅದೇ. ಎದುರಿನವರಿಗೆ ಕೊಡುವ ಮರ್ಯಾದೆ ಅದು. ಜೊತೆಗೆ ಕಷ್ಟಪಟ್ಟದ್ದು ಕಾಣಬಾರದು ಎಂಬ ಇನ್ನೊಂದು ಹಠವೂ ಇದೆ. 1528ರಲ್ಲಿ ವೆನಿಸ್‌ನಲ್ಲಿ ಅಚ್ಚಾದ, ಆಸ್ಥಾನಿಕರ ನಡೆನುಡಿ ಕುರಿತ ಪುಸ್ತಕದಲ್ಲಿ ಬಾಲ್ದಸ್ಸಾರೆ ಕಾಸ್ತಿಲ್ಯೋನೆ ಇದಕ್ಕೆ ‘ಸ್ಪ್ರೆತ್ಸತೂರ’ ಎಂದು ಹೆಸರಿಟ್ಟ. ಶ್ರಮವೆಲ್ಲ ಒಳಗೆ, ಹೊರಗೆ ಸಲೀಸು. ಆದ್ದರಿಂದ ಹೊಗಳುವವರೂ ಸಲೀಸಾಗಿ ಹೇಳಿ ಮುಂದೆ ಸಾಗಬೇಕು. ಅಡಿಯಿಂದ ಮುಡಿಯವರೆಗೆ ನೋಡಿ, ಐದು ವಿಶೇಷಣ ಪೋಣಿಸಿ, ಉತ್ತರಕ್ಕೆ ಕಾದು ನಿಂತರೆ ಆ ಸಲೀಸು ಕೆಡುತ್ತದೆ.

ಕಸುಬುದಾರರ ಮಾತು ಒಂದೆರಡು ಗೊತ್ತಿದ್ದರೆ ಇನ್ನೂ ಚೆಂದ. ನೇಪಲ್ಸಿನ ದರ್ಜಿಗಳ ಜಾಕೆಟ್ಟಿನಲ್ಲಿ ಭುಜದ ಹೊಲಿಗೆ ಶರ್ಟಿನಂತಿರುತ್ತದೆ, ‘ಸ್ಪಾಲ್ಲ ಕಮೀಚ’ ಅನ್ನುತ್ತಾರೆ. ತೋಳು ಭುಜಕ್ಕೆ ಸೇರುವಲ್ಲಿ ಸಣ್ಣ ಸಣ್ಣ ನಿರಿಗೆ. ಅಲ್ಲೊಂದು ಓಣಿಯ ಅಂಗಡಿಯಲ್ಲಿ ವಯಸ್ಸಾದ ದರ್ಜಿಯೊಬ್ಬರು ಗಿರಾಕಿಯ ಭುಜದ ಮೇಲಿನ ಆ ನಿರಿಗೆಗಳ ಮೇಲೆ ಹೆಬ್ಬೆರಳು ಒಮ್ಮೆ ಎಳೆದು, ಎರಡು ಹೆಜ್ಜೆ ಹಿಂದೆ ಸರಿದು ‘ಕಾದೆ ಬೇನೆ’ ಎಂದಷ್ಟೇ ಹೇಳಿದ್ದನ್ನು ಕಂಡಿದ್ದೇನೆ. ‘ಚೆನ್ನಾಗಿ ಬೀಳುತ್ತದೆ’ ಎಂದು ಅದರ ಅರ್ಥ, ಬಟ್ಟೆ ಮೈಮೇಲೆ ಇಳಿದ ರೀತಿಗೆ. ಸೆರಗು ಚೆನ್ನಾಗಿ ಬಿದ್ದಿದೆ ಅನ್ನುತ್ತೇವಲ್ಲ, ಅದೇ ಕಣ್ಣು. ಅಳತೆಗೆ ಸರಿಯಾಗಿ ಕೂತದ್ದಕ್ಕೆ ‘ಲೆ ಸ್ತಾ ಆ ಪೆನ್ನೆಲ್ಲೊ’ ಎಂಬ ನುಡಿಗಟ್ಟಿದೆ. ಪೆನ್ನೆಲ್ಲೊ ಅಂದರೆ ಚಿತ್ರಕಾರನ ಕುಂಚ. ನಾವು ‘ಹೇಳಿ ಮಾಡಿಸಿದ ಹಾಗಿದೆ’ ಅನ್ನುವಲ್ಲಿ ಅವರು ಕುಂಚದಲ್ಲಿ ಬರೆದ ಹಾಗೆ ಅನ್ನುತ್ತಾರೆ.

ನಿಮಗೆ ನಾನು ಎಲ್ಲಕ್ಕಿಂತ ಹೆಚ್ಚಾಗಿ ಸೂಚಿಸುವ ಮಾತು ‘ಕೆ ಬೆಲ್ ತೆಸ್ಸೂತೊ!’ ಅಂದರೆ ‘ಎಂಥ ಒಳ್ಳೆಯ ಬಟ್ಟೆ!’ ಹೆಂಗಸರಿಗೆ, ಗಂಡಸರಿಗೆ, ಹಿರಿಯರಿಗೆ ಯಾರಿಗೂ ಇದನ್ನು ಹೇಳಬಹುದು. ಅವರ ದೇಶದಲ್ಲಿ ಉಣ್ಣೆ ಅಂದರೆ ಬಿಯೆಲ್ಲ, ರೇಷ್ಮೆ ಅಂದರೆ ಕೋಮೊ. ರಾಮನಗರದ ಹೆಸರು ಹೇಳಿದರೆ ನಮಗೆ ಗೂಡು ನೆನಪಾದಂತೆ ಅವರಿಗೆ ಕೋಮೊ ಅಂದರೆ ಟೈ, ಸ್ಕಾರ್ಫಿನ ರೇಷ್ಮೆ ನೆನಪಾಗುತ್ತದೆ. ನೀವು ಹೋಗುವ ಸೀಮೆಯವರೂ ಬಟ್ಟೆ ಬಲ್ಲವರೇ: ಪಕ್ಕದ ಕಾರ್ಪಿ ಹೆಣೆದ ಉಡುಪುಗಳಿಗೆ ಹೆಸರುವಾಸಿ, ಮಾಕ್ಸ್ ಮಾರಾ 1951ರಲ್ಲಿ ಹುಟ್ಟಿದ್ದು ಹತ್ತಿರದ ರೆಜ್ಜೊ ಎಮಿಲಿಯಾದಲ್ಲಿ. ಬಟ್ಟೆಯನ್ನು ಹೊಗಳಿದರೆ ಮಾತು ಮುಂದುವರಿಯುತ್ತದೆ. ಮುಟ್ಟಿ ನೋಡಲು ಮಾತ್ರ ಕೈ ಚಾಚಬೇಡಿ, ನಮ್ಮಲ್ಲಿ ಸೆರಗು ಹಿಡಿದು ನೋಡುವ ಸಲಿಗೆ ಅಲ್ಲಿಲ್ಲ. ಬೆಲೆ ಕೇಳಬೇಡಿ. ‘ದೋವೆ ಲಾ ಪ್ರೇಸ?’ (ಎಲ್ಲಿ ತಗೊಂಡ್ರಿ?) ಎಂದು ಕೇಳಬಹುದು, ಅದನ್ನು ಅವರು ಸಂತೋಷದಿಂದ ಹೇಳುತ್ತಾರೆ.

ಬೀದಿಯ ಮಾತುಗಳೂ ಕಿವಿಗೆ ಬೀಳುತ್ತವೆ. ‘ಫೀಗೊ’ ಎಂದು ಹುಡುಗರು ಮಾತುಮಾತಿಗೆ ಅನ್ನುತ್ತಾರೆ, ‘ಸಖತ್’ ಅನ್ನುವ ಹಾಗೆ. ಆಫೀಸಿನಲ್ಲಿ ಬೇಡವೇ ಬೇಡ. ಅದನ್ನು ಸ್ತ್ರೀಲಿಂಗಕ್ಕೆ ತಿರುಗಿಸಿದರೆ ಅಶ್ಲೀಲ ಪದವಾಗುತ್ತದೆ. ನಿಯಮ ಕಲಿತ ಉತ್ಸಾಹದಲ್ಲಿ ಆ ತಪ್ಪು ಮಾಡಿದವರಿದ್ದಾರೆ. ‘ಕರೀನ’ ಕೂಡ ಬಟ್ಟೆಗೆ ಸರಿ, ಮೇಲಧಿಕಾರಿಗೆ ಅಂದರೆ ಮುದ್ದುಮುದ್ದಾಗಿದ್ದೀರಿ ಎಂದಂತೆ.

ಇನ್ನು ನಿಮ್ಮ ಸೀರೆ. ಉಟ್ಟುಕೊಂಡು ಹೋಗಿ, ಖಂಡಿತ. ಆದರೆ ಯಂತ್ರ ಓಡಿಸಿ ನೋಡುವ ದಿನ ಬೇಡ, ಸೆರಗಿಗೂ ತಿರುಗುವ ರೋಲರಿಗೂ ಆಗಿಬರುವುದಿಲ್ಲ. ಪರೀಕ್ಷೆ ಮುಗಿದು ಸಹಿ ಹಾಕುವ ದಿನ, ಅಥವಾ ಅವರು ಊಟಕ್ಕೆ ಕರೆದ ಸಂಜೆ ಉಡಿ. ‘ಕೆ ಬೆಲ್ ಸಾರಿ!’ ಎಂಬ ಮಾತು ಬಂದೇ ಬರುತ್ತದೆ. ಸೀರೆ ಅಲ್ಲಿ ಪುಲ್ಲಿಂಗ, ಅದಕ್ಕೇ ‘ಬೆಲ್’. ಆಗ ‘ಅಯ್ಯೋ, ಏನಿಲ್ಲ ಬಿಡಿ, ಹಳೇದು’ ಅನ್ನುವುದು ನಮ್ಮ ಅಭ್ಯಾಸ, ಅವರಲ್ಲೂ ಹಾಗೆ ಅನ್ನುವವರಿದ್ದಾರೆ. ನೀವು ಮೊದಲು ‘ಗ್ರಾತ್ಸಿಯೆ, ಮೊಲ್ತೊ ಜೆಂತೀಲೆ’ ಅನ್ನಿ: ಧನ್ಯವಾದ, ನಿಮ್ಮದು ಒಳ್ಳೆಯ ಮನಸ್ಸು. ಹಬ್ಬದ ಶುಭಾಶಯಕ್ಕೆ ‘ನಿಮಗೂ’ ಎಂದು ಮರಳಿಸುವ ‘ಅಲ್ತ್ರೆತ್ತಾಂತೊ’ ಇಲ್ಲಿ ಹೊಂದುವುದಿಲ್ಲ.

ಆಮೇಲೆ ಒಂದು ಸಣ್ಣ ವಾಕ್ಯ ಸೇರಿಸಿ. ಬಾಗಲಕೋಟೆ ಕಡೆಯವರು ಅಂದಿರಿ, ಮನೆಯಲ್ಲಿ ಕೆಂಪು ಸೆರಗಿನ ಇಳಕಲ್ ಸೀರೆ ಒಂದಾದರೂ ಇರುತ್ತದೆ. ‘ಎ ತೆಸ್ಸೂತೊ ಆ ಮಾನೊ’ ಅಂದರೆ ‘ಇದು ಕೈಯಿಂದ ನೇಯ್ದದ್ದು’. ಬಟ್ಟೆ ಎಂಬ ಅರ್ಥದಲ್ಲಿ ಮೇಲೆ ಬಂದ ತೆಸ್ಸೂತೊ ಮತ್ತು ನೇಯ್ದದ್ದು ಎಂಬ ತೆಸ್ಸೂತೊ ಒಂದೇ ಪದ. ಸೀರೆ ಅಮ್ಮನದಾಗಿದ್ದರೆ ‘ಎ ದಿ ಮಿಯ ಮಾದ್ರೆ’ ಅನ್ನಿ, ನನ್ನ ಅಮ್ಮನದು ಎಂದು. ಅಷ್ಟು ಹೇಳಿ ಸ್ವಲ್ಪ ಸುಮ್ಮನಿರಿ. ಅವರಲ್ಲೊಬ್ಬರು ತಮ್ಮ ಅಜ್ಜಿ ನೇಯ್ದ, ತಾಯಿ ಹೊಲಿದ ಯಾವುದೋ ಬಟ್ಟೆಯ ಸುದ್ದಿ ತೆಗೆಯುತ್ತಾರೆ. ಅದು ಪೂರ್ತಿ ಅರ್ಥವಾಗದಿದ್ದರೂ ಕೇಳಿಸಿಕೊಳ್ಳಿ.